ಹನ್ನೆರಡು ದಿನದಲ್ಲಿ ಇಂಡಿಯಾ ಮುಗಿಸೋದುಂಟೇ?

ದಾವಣಗೆರೆ: ಮಂಡಿಪೇಟೆಯ ಒಂದು ಕಿರಾಣಿ ಅಂಗಡಿಯಲ್ಲಿ ಮೊನ್ನೆ ಸಂಜೆ ಭಾರೀ ಜಗಳ. ಉದ್ರಿ ಬಾಕಿಯದ್ದಲ್ಲ, ತೂಕದ್ದಲ್ಲ, ಹಮಾಲಿಯದ್ದೂ ಅಲ್ಲ. ಗಲ್ಲಾದ ಮೇಲೆ ಹಾಸಿದ್ದ ಭೂಪಟದ್ದು!

ವಿಷಯ ಇಷ್ಟೇ. ಅಂಗಡಿ ಯಜಮಾನರಿಗೆ ಚೀಟಿ ದುಡ್ಡು ಬಂತು. ಇಪ್ಪತ್ತು ವರ್ಷದಿಂದ ಶಟರ್ ಎತ್ತುವುದು, ಶಟರ್ ಇಳಿಸುವುದು ಬಿಟ್ಟರೆ ಬೇರೇನೂ ಕಾಣದ ಮನುಷ್ಯ. ‘ಈ ಸಲ ಎಲ್ಲಾರೂ ಹೋಗಾಣ, ಇಂಡಿಯಾ ನೋಡ್ಕೊಂಡು ಬರಾಣ’ ಎಂದು ಬಾಯಿ ಬಿಟ್ಟರು. ಅಷ್ಟಕ್ಕೇ ಮನೆಯೊಳಗೆ ಇಂಡಿಯಾ ಐದು ಹೋಳಾಯಿತು.

ಎಪ್ಪತ್ತೆರಡು ವರ್ಷದ ತಾಯಿಗೆ ಕಾಶಿ. ಹೆಂಡತಿಗೆ ತಾಜಮಹಲು. ಪಿಯುಸಿ ಓದುವ ಮಗಳಿಗೆ ಕಾಶ್ಮೀರ. ಒಂಬತ್ತನೇ ಕ್ಲಾಸಿನ ಮಗನಿಗೆ ಮನಾಲಿಯ ಹಿಮ. ‘ಡಾರ್ಜಿಲಿಂಗು, ಪುರಿ ಬಿಟ್ಟರೆ ಅದೆಂಥ ಟೂರು?’ ಎಂದು ತಮ್ಮನ ತಕರಾರು. ಯಾರ ಮಾತನ್ನೂ ತೆಗೆದುಹಾಕಲಾರದ ಯಜಮಾನರು ಮಗನ ಸ್ಕೇಲು, ಪೆನ್ಸಿಲು ಇಸಿದುಕೊಂಡರು. ದಾವಣಗೆರೆ, ದಿಲ್ಲಿ, ಶ್ರೀನಗರ, ಮನಾಲಿ, ಆಗ್ರಾ, ಕಾಶಿ, ಡಾರ್ಜಿಲಿಂಗ್, ಪುರಿ, ವಾಪಸು ದಾವಣಗೆರೆ. ಗೆರೆ ಎಳೆದೇ ಬಿಟ್ಟರು.

‘ಹನ್ನೆರಡು ದಿನ. ಮುಗಿಸಾಣ ಬಿಡ್ರಿ.’

ಅರ್ಧ ಕಿಲೋ ಸಕ್ಕರೆಗೆಂದು ಬಂದು ನಿಂತಿದ್ದ ಹಿರಿಯರೊಬ್ಬರು ಅಲ್ಲಿಯೇ ನಕ್ಕುಬಿಟ್ಟರು. ಮೂವತ್ತು ವರ್ಷ ರೈಲ್ವೆ ಬುಕಿಂಗ್ ಕಿಟಕಿಯ ಹಿಂದೆ ಕೂತು ನಿವೃತ್ತರಾದವರು. ‘ಸಾವ್ಕಾರ್ರೆ, ಮ್ಯಾಪಿನ ಮೇಲೆ ಇದು ಎರಡು ಗೇಣು. ಗಾಲಿ ಮೇಲೆ ಕೂತ್ರೆ ಗೊತ್ತಾಗ್ತೈತಿ.’

ಜಗಳ ನಿಂತಿತು. ಪಾಠ ಶುರುವಾಯಿತು.

ಹದಿನೇಳು ಕರ್ನಾಟಕ

ನಮ್ಮ ದೇಶದ ವಿಸ್ತೀರ್ಣ ಸುಮಾರು 32 ಲಕ್ಷ 87 ಸಾವಿರ ಚದರ ಕಿಲೋಮೀಟರು. ನಮ್ಮ ಕರ್ನಾಟಕದಂಥ ಹದಿನೇಳು ರಾಜ್ಯ ಇದರೊಳಗೆ ಕೂರುತ್ತವೆ. ಉತ್ತರದಿಂದ ದಕ್ಷಿಣಕ್ಕೆ 3,214 ಕಿ.ಮೀ., ಪೂರ್ವದಿಂದ ಪಶ್ಚಿಮಕ್ಕೆ 2,933 ಕಿ.ಮೀ. ಗಡಿಯಾರ ಒಂದೇ ಆದರೂ ಸೂರ್ಯ ಒಂದೇ ಹೊತ್ತಿಗೆ ಏಳುವುದಿಲ್ಲ. ಅರುಣಾಚಲದ ಮೂಲೆಯಲ್ಲಿ ಬೆಳಗಾಗಿ ಹೆಚ್ಚುಕಡಿಮೆ ಎರಡು ಗಂಟೆಯಾದ ಮೇಲೆ ಗುಜರಾತಿನ ಪಶ್ಚಿಮದ ತುದಿಯಲ್ಲಿ ಬೆಳಗು.

ಯಜಮಾನರು ಎಳೆದ ಗೆರೆಯನ್ನು ನಿವೃತ್ತ ಗುಮಾಸ್ತರು ಬೆರಳಿನಲ್ಲೇ ಅಳೆದರು. ಎಂಟು ಸಾವಿರ ಕಿ.ಮೀ.ಗೆ ಮೋಸವಿಲ್ಲ. ಎಕ್ಸ್‌ಪ್ರೆಸ್ ರೈಲು ಗಂಟೆಗೆ ಸರಾಸರಿ ಐವತ್ತು, ಐವತ್ತೈದು ಕಿ.ಮೀ. ಓಡಿದರೆ ಪುಣ್ಯ. ಬರೀ ಗಾಲಿಯ ಮೇಲೇ ಆರೇಳು ದಿನ ಹೋಯಿತು. ಅದರಲ್ಲೂ ಮನಾಲಿಗೆ ರೈಲಿಲ್ಲ. ದಿಲ್ಲಿಯಿಂದ ಐನೂರು ಚಿಲ್ಲರೆ ಕಿ.ಮೀ. ಘಟ್ಟದ ದಾರಿ, ಬಸ್ಸಿನಲ್ಲಿ ಹನ್ನೆರಡು ಗಂಟೆಗೂ ಮೇಲೆ. ರೈಲು ಬದಲಿಸಲು ಕಾಯುವುದು, ಲಾಡ್ಜ್ ಹುಡುಕುವುದು, ಸ್ನಾನ, ಊಟ, ಅಜ್ಜಿಯ ಮಂಡಿನೋವು ಎಲ್ಲ ಕಳೆದರೆ ಊರು ನೋಡಲು ಉಳಿಯುವುದು ಅಲ್ಲೊಂದು ಬೆಳಿಗ್ಗೆ, ಇಲ್ಲೊಂದು ಸಂಜೆ.

‘ಅಂದ್ರೆ ದುಡ್ಡು ಕೊಟ್ಟು ರೈಲಿನ ಕಿಟಕಿ ನೋಡ್ಕೊಂಡು ಬಂದಂಗೆ’ ಎಂದರು ಯಜಮಾನರ ಹೆಂಡತಿ. ಲೆಕ್ಕ ಎಲ್ಲರಿಗಿಂತ ಮೊದಲು ಹತ್ತಿದ್ದು ಅವರಿಗೇ.

ಶುಕ್ರವಾರದ ತಾಜಮಹಲು

ಇಂಥ ಓಡುಗಾಲಿನ ಪ್ರವಾಸ ಮಾಡಿ ಕೈಸುಟ್ಟುಕೊಂಡವರು ನಮ್ಮೂರಲ್ಲಿ ಕಡಿಮೆಯಿಲ್ಲ. ಅದೇ ಬೀದಿಯ ಟೇಲರ್ ಒಬ್ಬರದ್ದೇ ಕಥೆ ಕೇಳಿ. ಹತ್ತು ದಿನದಲ್ಲಿ ಒಂಬತ್ತು ಊರು ತೋರಿಸುತ್ತೇವೆಂದು ಬರೆದಿದ್ದ ಕರಪತ್ರ ನೋಡಿ ದುಡ್ಡು ಕಟ್ಟಿದರು. ಬಸ್ಸು ಆಗ್ರಾ ಮುಟ್ಟಿದ್ದು ಶುಕ್ರವಾರ. ತಾಜಮಹಲಿಗೆ ಪ್ರತಿ ಶುಕ್ರವಾರ ರಜೆ. ಪ್ರವಾಸಿಗಳಿಗೆ ಬಾಗಿಲು ತೆರೆಯುವುದಿಲ್ಲ. ಮಾರನೇ ದಿನ ಬೇರೆ ಊರು ಗೊತ್ತಾಗಿಬಿಟ್ಟಿತ್ತು. ದೂರದಿಂದ ಗುಮ್ಮಟ ನೋಡಿ, ಫೋಟೋ ಹೊಡೆಸಿಕೊಂಡು ಬಸ್ ಹತ್ತಿದರು.

‘ಎರಡೂವರೆ ಸಾವಿರ ಕಿಲೋಮೀಟರ್ ಹೋಗಿ ಬಾಗಿಲಿಗೆ ಕೈ ಮುಗಿದು ಬಂದೆ ಕಣ್ರೀ’ ಎನ್ನುವಾಗ ಟೇಲರ್ ನಗುತ್ತಾರೆ. ಆದರೆ ಆ ನಗುವಿನ ಹಿಂದೆ ಎರಡು ವರ್ಷದ ಉಳಿತಾಯವಿದೆ.

ತಪ್ಪು ಬಸ್ಸಿನವರದ್ದು ಎನ್ನೋಣ. ಆದರೆ ಹೊರಡುವ ಮೊದಲು ವಾರ ಲೆಕ್ಕ ಹಾಕುವುದು ನಮ್ಮ ಕೈಲೇ ಇದೆ. ದಿಲ್ಲಿಯ ಕೆಂಪುಕೋಟೆಗೆ ಸೋಮವಾರ ರಜೆ. ಸರ್ಕಾರಿ ವಸ್ತುಸಂಗ್ರಹಾಲಯಗಳಲ್ಲೂ ಬಹಳಷ್ಟಕ್ಕೆ ಸೋಮವಾರವೇ ರಜೆ. ಸಂತೆಯ ದಿನ ಯಾವುದೆಂದು ಕೇಳದೆ ಸಂತೆಗೆ ಹೋಗುವ ವ್ಯಾಪಾರಿ ಉಂಟೇ?

ಒಂದೇ ದೇಶ, ನಾಲ್ಕು ಹವೆ

ಇನ್ನು ಕಾಲದ ಪ್ರಶ್ನೆ. ನಮ್ಮ ಮಕ್ಕಳಿಗೆ ದೊಡ್ಡ ರಜೆ ಏಪ್ರಿಲ್, ಮೇ. ದಾವಣಗೆರೆಯ ಬಿಸಿಲು ಕಂಡವರು ನಾವು, ನಮಗೇನು ಎಂದು ಹೊರಟವರಿಗೆ ಅಲ್ಲಿ ಹೋದ ಮೇಲೆ ತಿಳಿಯುತ್ತದೆ. ಆ ತಿಂಗಳಲ್ಲಿ ರಾಜಸ್ತಾನ, ಆಗ್ರಾ, ಕಾಶಿ ಕಡೆ ಬಿಸಿಲು 45 ಡಿಗ್ರಿ ಮುಟ್ಟುವುದುಂಟು. ‘ಲೂ’ ಎನ್ನುವ ಬಿಸಿಗಾಳಿ ಬೀಸಿದರೆ ಮಧ್ಯಾಹ್ನ ಊರಿನವರೇ ಬೀದಿಗಿಳಿಯುವುದಿಲ್ಲ. ಎಪ್ಪತ್ತು ದಾಟಿದ ಅಜ್ಜಿಯನ್ನು ಕಾಶಿಯ ಘಾಟಿನ ಕಲ್ಲುಮೆಟ್ಟಿಲ ಮೇಲೆ ಮೇ ತಿಂಗಳಲ್ಲಿ ಹತ್ತಿಸಿ ಇಳಿಸುವುದು ಭಕ್ತಿಯಲ್ಲ, ಹಟ.

ಹಾಗಾದರೆ ಡಿಸೆಂಬರ್? ಡಿಸೆಂಬರ್ ಕೊನೆಗೆ, ಜನವರಿಗೆ ಗಂಗಾ ಬಯಲಿನಲ್ಲಿ ದಟ್ಟ ಮಂಜು. ರೈಲುಗಳು ಗಂಟೆಗಟ್ಟಲೆ ತಡ. ಒಂದು ರೈಲು ತಪ್ಪಿದರೆ ಮುಂದಿನ ಕೊಂಡಿಯೆಲ್ಲ ಕಳಚುತ್ತದೆ.

ಮಳೆಗಾಲದಲ್ಲಿ ಹಿಮಾಲಯದ ಕಡೆ ತಲೆ ಹಾಕುವುದೇ ಬೇಡ. 2013ರ ಜೂನ್ ತಿಂಗಳಲ್ಲಿ ಕೇದಾರನಾಥದಲ್ಲಿ ಪ್ರವಾಹ, ಭೂಕುಸಿತಕ್ಕೆ ಸಾವಿರಾರು ಜನ ಬಲಿಯಾದದ್ದು ಯಾರಿಗೆ ಮರೆತೀತು? ಅದೇ ತಮಿಳುನಾಡಿಗೆ ಹೋಗುವವರು ಲೆಕ್ಕ ಉಲ್ಟಾ ಹಾಕಬೇಕು. ಅಲ್ಲಿ ಜೋರು ಮಳೆ ಅಕ್ಟೋಬರಿನಿಂದ ಡಿಸೆಂಬರಿನ ತನಕ.

ಹಿಮ ನೋಡಲು ಲಡಾಖಿಗೆ ಹೋಗುವ ಹುಡುಗರೂ ಈಗ ಬಹಳ. ಲೇಹ್ ಪಟ್ಟಣ ಇರುವುದು ಸುಮಾರು 11,500 ಅಡಿ ಎತ್ತರದಲ್ಲಿ. ದಾವಣಗೆರೆ ಎರಡು ಸಾವಿರ ಅಡಿ. ವಿಮಾನದಲ್ಲಿ ನೇರ ಇಳಿದು ಮೊದಲ ದಿನವೇ ತಿರುಗಾಟಕ್ಕೆ ಹೊರಟರೆ ತಲೆನೋವು, ವಾಂತಿ, ಉಸಿರುಕಟ್ಟು. ಎರಡು ದಿನ ಸುಮ್ಮನೆ ಮಲಗಬೇಕು. ಆ ಎರಡು ದಿನವನ್ನೂ ರಜೆಯ ಲೆಕ್ಕದಲ್ಲಿ ಹಿಡಿಯಬೇಕು. ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರಕ್ಕಾದರೆ ಒಳನಾಡು ಪರವಾನಗಿ ಬೇಕು. ನಮ್ಮದೇ ದೇಶವಾದರೂ ಕಾಗದವಿಲ್ಲದೆ ಒಳಗೆ ಬಿಡರು.

ಕಾಶ್ಮೀರದ ಮಾತು ಬಂದಾಗ ಅಂಗಡಿಯಲ್ಲಿ ಒಂದು ಗಳಿಗೆ ಮೌನ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಉಗ್ರರ ಗುಂಡಿಗೆ 26 ಮಂದಿ ಬಲಿಯಾದರು. ಸತ್ತವರಲ್ಲಿ ರಜೆಗೆ ಹೋಗಿದ್ದ ಕನ್ನಡಿಗರೂ ಇದ್ದರು. ಅದಾದ ಒಂದೂವರೆ ತಿಂಗಳಿಗೆ, ಜೂನ್ 6ರಂದು, ಕಟ್ರಾದಿಂದ ಶ್ರೀನಗರಕ್ಕೆ ನೇರ ರೈಲು ಉದ್ಘಾಟನೆಯಾಯಿತು. ನದಿಯಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆಯ ಮೇಲೆ ಆ ರೈಲು ಹೋಗುತ್ತದೆ. ಹೋಗಬಾರದೆಂದಲ್ಲ. ಹೋಗುವ ವಾರದ ಸುದ್ದಿ ನೋಡಿಕೊಂಡು, ಟಿಕೆಟ್ ರದ್ದಾದರೆ ಎಷ್ಟು ವಾಪಸು ಬರುತ್ತದೆಂದು ಕೇಳಿಕೊಂಡು ಹೋಗಬೇಕು.

ಅಂಗಡಿಯವರ ರಜೆ ಯಾವಾಗ?

ನೌಕರಿಯವರಿಗೆ ರಜೆ ಅರ್ಜಿ ಬರೆದರೆ ಮುಗಿಯಿತು. ಅಂಗಡಿಯವರ ಗೋಳು ಬೇರೆ. ಮದುವೆ ಸೀಜನ್ನಿನಲ್ಲಿ ಬಿಡುವಂತಿಲ್ಲ. ದಸರಾಕ್ಕೆ ಬಿಡುವಂತಿಲ್ಲ. ದೀಪಾವಳಿಗಂತೂ ಪ್ರಾಣ ಹೋದರೂ ಬಿಡುವಂತಿಲ್ಲ. ಹದಿನೈದು ದಿನ ಬಾಗಿಲು ಹಾಕಿದರೆ ಗಿರಾಕಿ ಪಕ್ಕದಂಗಡಿಯ ದಾರಿ ಹಿಡಿಯುತ್ತಾನೆ. ಒಮ್ಮೆ ಆ ದಾರಿ ಹಿಡಿದವನು ತಿರುಗಿ ಬರುವುದು ಕಷ್ಟ.

ಅಲ್ಲೇ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ನಿವೃತ್ತ ಗುಮಾಸ್ತರು ತಿರುವಿ ತೋರಿಸಿದರು. ವಿಜಯದಶಮಿಯಿಂದ ನರಕ ಚತುರ್ದಶಿಗೆ ಸುಮಾರು ಹತ್ತೊಂಬತ್ತು ದಿನ. ಆಯುಧಪೂಜೆ ಮುಗಿಸಿ, ಬನ್ನಿ ಕೊಟ್ಟು, ಎರಡು ದಿನ ಬಿಟ್ಟು ಹೊರಟರೆ ಹನ್ನೆರಡು ದಿನ ಸುತ್ತಿ ಬಂದು ದೀಪಾವಳಿ ಸಾಮಾನು ಜೋಡಿಸಲು ನಾಲ್ಕೈದು ದಿನ ಕೈಯಲ್ಲಿರುತ್ತದೆ. ಉತ್ತರದಲ್ಲಿ ಮಳೆ ನಿಂತಿರುತ್ತದೆ, ಮಂಜು ಬಂದಿರುವುದಿಲ್ಲ. ಬಿಸಿಲೂ ಹದ. ಶಾಲೆಯ ದಸರಾ ರಜೆ ಮಾತ್ರ ವರ್ಷ ವರ್ಷಕ್ಕೂ ಹಿಂದುಮುಂದಾಗುತ್ತದೆ. ಅದನ್ನು ಮೊದಲೇ ವಿಚಾರಿಸಬೇಕು.

ಒಂದೇ ತೊಡಕು. ದೀಪಾವಳಿ ಮತ್ತು ಅದರ ಆರನೇ ದಿನದ ಛಠ್ ಪೂಜೆಗೆಂದು ದಕ್ಷಿಣದಲ್ಲಿ ದುಡಿಯುವ ಬಿಹಾರ, ಉತ್ತರ ಪ್ರದೇಶದ ಜನ ಊರಿಗೆ ಹೊರಡುತ್ತಾರೆ. ಆ ದಿಕ್ಕಿನ ರೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾರ್ತಿಕ ಹುಣ್ಣಿಮೆಗೆ ಕಾಶಿಯಲ್ಲಿ ದೇವ ದೀಪಾವಳಿ, ಆಗ ಲಾಡ್ಜ್ ಬಾಡಿಗೆ ಆಕಾಶಕ್ಕೆ. ಆದ್ದರಿಂದ ಟಿಕೆಟ್ಟಿನ ಕೆಲಸ ಎಲ್ಲಕ್ಕಿಂತ ಮೊದಲು.

ಟಿಕೆಟ್ಟಿನ ಗುಟ್ಟು

ರೈಲು ಟಿಕೆಟ್ ಮುಂಗಡವಾಗಿ 120 ದಿನ ಮೊದಲು ಸಿಗುತ್ತಿದ್ದದ್ದು ಹಳೇ ಮಾತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ಬೆಳಿಗ್ಗೆ ಎಂಟಕ್ಕೆ ಬುಕಿಂಗ್ ತೆರೆಯುತ್ತದೆ. ಬುಕಿಂಗ್ ತೆರೆದ ಕೂಡಲೇ ಮೊಬೈಲಿನಲ್ಲಿ ಟಿಕೆಟ್ ತೆಗೆಯಬೇಕಾದರೆ ಖಾತೆಗೆ ಆಧಾರ್ ಜೋಡಿಸಿರಬೇಕು. ಇದು 2025ರ ಅಕ್ಟೋಬರ್ 1ರಿಂದ ಬಂದ ನಿಯಮ.

ಬಹಳ ಜನ ಎಡವುವುದು ಇನ್ನೊಂದು ಕಡೆ. ಹೋಗುವ ಟಿಕೆಟ್ ತೆಗೆದ ದಿನವೇ ಬರುವ ಟಿಕೆಟ್ ಸಿಗುವುದಿಲ್ಲ. ಬರುವ ತಾರೀಖಿಗೆ ಅದರದ್ದೇ 60 ದಿನದ ಲೆಕ್ಕ. ಹತ್ತು ದಿನ ಬಿಟ್ಟು ಮತ್ತೆ ಬೆಳಿಗ್ಗೆ ಎಂಟಕ್ಕೆ ಕೂರಬೇಕು. ‘ಹೋಗೋದು ಕನ್ಫರ್ಮ್ ಆತಲ್ಲ, ಬರೋದು ನೋಡಿದ್ರಾತು’ ಎಂದವರು ಬರುವಾಗ ತತ್ಕಾಲ್ ಕಿಟಕಿಯ ಮುಂದೆ ಕಣ್ಣೀರಿಡುತ್ತಾರೆ. ವೇಟಿಂಗ್ ಲಿಸ್ಟ್ ಚೀಟಿ ಹಿಡಿದು ರಿಸರ್ವ್ ಬೋಗಿ ಹತ್ತುವಂತಿಲ್ಲ.

ಇನ್ನೊಂದು ಗುಟ್ಟನ್ನು ಗುಮಾಸ್ತರು ದನಿ ತಗ್ಗಿಸಿ ಹೇಳಿದರು. ಅರವತ್ತಾದ ಗಂಡಸರಿಗೆ, ನಲವತ್ತೈದಾದ ಹೆಂಗಸರಿಗೆ ಕೆಳಗಿನ ಬರ್ತಿನ ಕೋಟಾ ಉಂಟು. ಆದರೆ ಒಬ್ಬರೇ, ಹೆಚ್ಚೆಂದರೆ ಅಂಥ ಇಬ್ಬರು ಒಂದು ಟಿಕೆಟ್ಟಿನಲ್ಲಿದ್ದರೆ ಮಾತ್ರ. ಮನೆಮಂದಿಯನ್ನೆಲ್ಲ ಒಂದೇ ಟಿಕೆಟ್ಟಿನಲ್ಲಿ ತುಂಬಿದರೆ ಅಜ್ಜಿಗೆ ಮೇಲಿನ ಬರ್ತೂ ಬರಬಹುದು! ಅಜ್ಜಿಯ ಟಿಕೆಟ್ ಬೇರೆಯಾಗಿ ತೆಗೆಯಿರಿ ಎಂಬುದು ಅವರ ಬುದ್ಧಿವಾದ. ಹಿರಿಯ ನಾಗರಿಕರ ದರ ರಿಯಾಯಿತಿ 2020ರ ಮಾರ್ಚಿನಲ್ಲೇ ನಿಂತಿತು. ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಬರ್ತ್ ಬೇಕಾದರೆ 2016ರಿಂದ ಪೂರ್ತಿ ದರ. ಹಳೇ ಲೆಕ್ಕದಲ್ಲಿ ದುಡ್ಡು ತೆಗೆದಿಟ್ಟವರ ಗಂಟು ಸಾಲದೆ ಹೋಗುವುದು ಇಲ್ಲಿಯೇ.

ಕಾಶಿಗಷ್ಟೇ ಹೋಗುವವರಿಗೆ ಸರ್ಕಾರದ ದಾರಿಯೂ ಇದೆ. 2022ರ ನವೆಂಬರ್ 11ರಂದು ಬೆಂಗಳೂರಿನಲ್ಲಿ ಪ್ರಧಾನಿ ಹಸಿರು ನಿಶಾನೆ ತೋರಿಸಿದ ಭಾರತ್ ಗೌರವ್ ಕಾಶಿ ಯಾತ್ರೆ ರೈಲಿನಲ್ಲಿ ವಾರಾಣಸಿ, ಅಯೋಧ್ಯೆ, ಪ್ರಯಾಗ ಸೇರಿ ಎಂಟು ದಿನದ ಪ್ರವಾಸಕ್ಕೆ ಆಗ ತಲಾ 20 ಸಾವಿರ ರೂಪಾಯಿ ಇತ್ತು. ಅದರಲ್ಲಿ 5 ಸಾವಿರ ರಾಜ್ಯ ಸರ್ಕಾರದ ಸಹಾಯಧನ. ಆಮೇಲೆ ಮೊತ್ತ ಬದಲಾಗಿದೆ. ಹೊರಡುವವರು ಮುಜರಾಯಿ ಇಲಾಖೆಯ ಹೊಸ ಪ್ರಕಟಣೆ ನೋಡಿಕೊಳ್ಳುವುದು ಒಳ್ಳೆಯದು.

ಅಜ್ಜಿ ಬಾಯಿ ಬಿಟ್ಟರು

ಇಷ್ಟೆಲ್ಲ ಕೇಳಿದರೂ ಯಜಮಾನರಿಗೆ ಮನಸ್ಸು ಒಪ್ಪಲಿಲ್ಲ. ‘ಹೋಗೋದೇ ಜನ್ಮಕ್ಕೊಂದು ಸಲ. ಅರ್ಧಂಬರ್ಧ ನೋಡ್ಕೊಂಡು ಬರೋದಾದ್ರೆ ಯಾಕೆ? ಇನ್ನೆರಡು ವರ್ಷ ತಡೀರಿ. ಇನ್ನೊಂದು ಚೀಟಿ ಎತ್ತಿ, ಒಂದು ತಿಂಗಳು ಹೋಗಾಣ. ಎಲ್ಲಾನೂ ನೋಡಾಣ’ ಎಂದರು.

ಅಷ್ಟು ಹೊತ್ತೂ ಮೂಲೆಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅಜ್ಜಿ ಮುಖವೆತ್ತಿದರು.

‘ನಿಮ್ಮಪ್ಪನೂ ಹಿಂಗೇ ಅಂದಿದ್ದು ಕಣಪ್ಪಾ. ಹೋದ್ರೆ ಎಲ್ಲಾ ನೋಡ್ಕೊಂಡೇ ಬರಾಣ, ಇನ್ನೆರಡು ವರ್ಷ ತಡಿ ಅಂತ. ಮೂವತ್ತು ವರ್ಷ ತಡೆದೆ. ಕಡೀಗೆ ಅವ್ರು ನನ್ನ ಕರ್ಕೊಂಡು ಹೋಗಿದ್ದು ಹರಿಹರದ ಹೊಳೆ ತನಕ.’

ಹರಿಹರ ಇಲ್ಲಿಂದ ಹದಿನಾಲ್ಕು ಕಿಲೋಮೀಟರು.

ಯಜಮಾನರು ತಲೆ ತಗ್ಗಿಸಿ ಪೆನ್ಸಿಲ್ ಮಗಳ ಕೈಗೆ ಕೊಟ್ಟರು.

ಒಂದೇ ಗೆರೆ

ಕಾಲು ಗಂಟೆಯಲ್ಲಿ ಹೊಸ ಪಟ್ಟಿ ತಯಾರು. ಮೈಸೂರಿನಿಂದ ಹೊರಟು ದಾವಣಗೆರೆ, ಹುಬ್ಬಳ್ಳಿ ಮೇಲೆ ವಾರಾಣಸಿಗೆ ಹೋಗುವ ನೇರ ರೈಲು ವಾರಕ್ಕೆ ಎರಡು ದಿನ. ಮನೆ ಬಾಗಿಲಲ್ಲೇ ಹತ್ತಿದರೆ ನಡುವೆ ಸಾಮಾನು ಇಳಿಸುವ ಕಾಟವಿಲ್ಲ. ಅದು ಸಿಗದಿದ್ದರೆ ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್, ದಿನವೂ ಇದೆ. ಅದರಲ್ಲಿ ಹಳೇ ಮೊಘಲ್‌ಸರಾಯಿ, ಅಂದರೆ 2018ರಿಂದ ದೀನದಯಾಳ್ ಉಪಾಧ್ಯಾಯ ಜಂಕ್ಷನ್ ಎನ್ನುವ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ಕಾಶಿ ಹದಿನಾರು, ಹದಿನೇಳು ಕಿ.ಮೀ.

ಹೋಗಲು ಎರಡು ದಿನ. ಕಾಶಿಯಲ್ಲಿ ನಾಲ್ಕು ದಿನ. ವಿಶ್ವನಾಥನ ದರ್ಶನ, ದಶಾಶ್ವಮೇಧ ಘಾಟಿನಲ್ಲಿ ಸಂಜೆಯ ಗಂಗಾರತಿ, ಹತ್ತು ಕಿ.ಮೀ. ದೂರದ ಸಾರನಾಥ. ಜಂಗಮವಾಡಿ ಮಠಕ್ಕೆ ಹೋದರೆ ಕನ್ನಡ ಕಿವಿಗೆ ಬೀಳುತ್ತದೆ. ದಿನಕ್ಕೆ ಒಂದೇ ಕೆಲಸ, ಮಧ್ಯಾಹ್ನ ಅಜ್ಜಿಗೆ ನಿದ್ದೆ. ಆಮೇಲೆ ಒಂದು ದಿನ ಪ್ರಯಾಗದ ಸಂಗಮ. ರಾತ್ರಿ ರೈಲಿಗೆ ಆಗ್ರಾ. ಅಲ್ಲಿ ಎರಡು ದಿನ, ಅದರಲ್ಲಿ ತಾಜಮಹಲಿನ ದಿನ ಶುಕ್ರವಾರ ಆಗದಂತೆ ನೋಡಿಕೊಂಡದ್ದು ಯಜಮಾನರ ಹೆಂಡತಿ. ಆಗ್ರಾ ಕಂಟೋನ್ಮೆಂಟಿನಲ್ಲೇ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರು. ಒಂದು ದಿನ ಮೀಸಲು, ರೈಲು ತಡವಾದರೆ ಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಂಡಕ್ಕಿ ಮನೆಯಿಂದಲೇ.

ದಿಲ್ಲಿ ಇಲ್ಲ. ಕಾಶ್ಮೀರ ಇಲ್ಲ. ಮನಾಲಿ ಇಲ್ಲ. ಡಾರ್ಜಿಲಿಂಗೂ ಇಲ್ಲ. ‘ಹಂಗಾದ್ರೆ ಹಿಮ?’ ಎಂದು ಮಗನ ಮುಖ ಬಾಡಿತು.

‘ಹಿಮ ಎಲ್ಲಿಗೂ ಹೋಗಲ್ಲ ತಮ್ಮಾ. ನಿನಗೆ ವಯಸ್ಸೈತಿ. ನಿಮ್ಮಜ್ಜಿ ಮಂಡಿಗೆ ಇಲ್ಲ’ ಎಂದರು ಗುಮಾಸ್ತರು.

ದೊಡ್ಡ ದೇಶದಲ್ಲಿ ಹುಟ್ಟಿದವರ ಕಷ್ಟವೇ ಇದು. ಎಲ್ಲ ನಮ್ಮದೇ, ಆದ್ದರಿಂದ ಎಲ್ಲ ನೋಡಬೇಕು ಎನಿಸುತ್ತದೆ. ಎಲ್ಲ ನೋಡಲು ಕಾಯುತ್ತ ಕೂತವರು ಗಲ್ಲಾದ ಹಿಂದೆಯೇ ಮುದುಕರಾಗುತ್ತಾರೆ. ಎಲ್ಲ ಒಂದೇ ಸಲ ನೋಡಲು ಓಡಿದವರು ಬಾಗಿಲು ಮುಚ್ಚಿದ ತಾಜಮಹಲು ನೋಡಿ ಬರುತ್ತಾರೆ. ಒಂದು ಮೂಲೆ ಆರಿಸಿ, ಅಲ್ಲಿ ನಾಲ್ಕು ದಿನ ಕಾಲೂರಿ ನಿಂತು, ಉಳಿದದ್ದನ್ನು ಮುಂದಿನ ಚೀಟಿಗೆ ಬಿಟ್ಟವರಿಗೇ ಲಾಭ. ಯಾರ ಕಾಲಿಗೆ ಶಕ್ತಿ ಮೊದಲು ಸೋರುತ್ತದೋ ಅವರ ಊರಿಗೆ ಮೊದಲು ಟಿಕೆಟ್.

ಮಗಳು ಮಾತ್ರ ಹಳೇ ಗೆರೆಯನ್ನು ರಬ್ಬರಿನಿಂದ ಅಳಿಸಲು ಒಪ್ಪಲಿಲ್ಲ. ಶ್ರೀನಗರದ ಪಕ್ಕ, ಮನಾಲಿಯ ಪಕ್ಕ, ಡಾರ್ಜಿಲಿಂಗಿನ ಪಕ್ಕ ಒಂದೊಂದು ಇಸವಿ ಬರೆದಳು. ಕಾಶಿಯ ಪಕ್ಕ ಮಾತ್ರ ಇಸವಿ ಬರೆಯಲಿಲ್ಲ, ತಾರೀಖನ್ನೇ ಬರೆದಳು. ನಿವೃತ್ತ ಗುಮಾಸ್ತರು ಸಕ್ಕರೆ ಕಟ್ಟಿಸಿಕೊಂಡು ಹೊರಟರು. ಯಜಮಾನರು ದುಡ್ಡು ಇಸಿದುಕೊಳ್ಳಲಿಲ್ಲವಂತೆ. ಮಂಡಿಪೇಟೆಯಲ್ಲಿ ಇದೂ ಒಂದು ಸುದ್ದಿಯೇ!